ನಲವತ್ತೊಂದು ವಿನಾಯಿತಿಗಳು

ಬನಹಟ್ಟಿಯ ಪವರ್‌ಲೂಮ್ ಮನೆಗಳಲ್ಲಿ ಹುಟ್ಟಿದ ಮಕ್ಕಳು ಮಾತನ್ನು ಕಿವಿಗಿಂತ ಮೊದಲು ಕಣ್ಣಿನಿಂದ ಕೇಳಲು ಕಲಿಯುತ್ತಾರೆ. ಮಂಗಲಾ ಹಟಗಾರಳ ಮನೆಯ ಪಡಸಾಲೆಯಲ್ಲಿ ನಾಲ್ಕು ಮಗ್ಗಗಳಿದ್ದವು. ಬೆಳಿಗ್ಗೆ ಏಳಕ್ಕೆ ಶುರುವಾದ ಸದ್ದು ಕರೆಂಟು ಹೋದರಷ್ಟೇ ನಿಲ್ಲುತ್ತಿತ್ತು. ಅಡುಗೆಮನೆಯಿಂದ ಅವ್ವ ಏನೋ ಅಂದರೆ ಅವಳ ತುಟಿ ನೋಡಬೇಕು, ಮಗ್ಗದ ಆಚೆಯಿಂದ ಅಪ್ಪ ಏನೋ ಕೇಳಿದರೆ ಅವನ ಹುಬ್ಬು ನೋಡಬೇಕು. ಹೀಗಾಗಿ ಎದುರಿನವರು ಮಾತಾಡುವಾಗ ಅವರ ಮುಖದಿಂದ ಕಣ್ಣು ಕೀಳದ ರೂಢಿ ಮಂಗಲಾಗೆ ಬಿತ್ತು. ತಲೆ ಆಡಿಸುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ, ಸುಮ್ಮನೆ ನೋಡುತ್ತ ಕೂರುತ್ತಾಳೆ. ಹಾಗೆ ನೋಡಿಸಿಕೊಂಡವರಿಗೆ, ತಮ್ಮ ಮಾತನ್ನು ಪೂರ್ತಿ ಕೇಳುವವರು ಕೊನೆಗೂ ಒಬ್ಬರು ಸಿಕ್ಕರು ಅನ್ನಿಸಿಬಿಡುತ್ತದೆ. ನನಗೂ ಅನ್ನಿಸಿದೆ.

ಆರು ವರ್ಷದಿಂದ ನಾನು ಅವಳ ಜೊತೆ ಒಂದೇ ಆಫೀಸಿನಲ್ಲಿದ್ದೇನೆ. ಜಮಖಂಡಿ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಮಾಲೀಕರು ಅಜಿತ ಸರ್, ಪುಣೆಯಲ್ಲಿ ಹತ್ತು ವರ್ಷ ಇದ್ದು ಊರಿಗೆ ಮರಳಿದವರು. ನಮ್ಮ ವ್ಯಾಪಾರವನ್ನು ಕೇಳಿದವರಿಗೆ ಅವರು ಹೀಗೆ ಹೇಳುತ್ತಾರೆ:

"ನಿಮ್ಮ ಆಫೀಸಿನೊಳಗ ಒಂದು ಅರ್ಜಿ ಬಂತು ಅನ್ರಿ. ಅದು ಯಾರ ಟೇಬಲ್ಲಿಗೆ ಹೋಗಬೇಕು, ಅಲ್ಲಿ ಎಷ್ಟು ಹೊತ್ತು ಇರಬೇಕು, ಹೊತ್ತು ಮೀರಿದರ ಯಾರಿಗೆ ಗೊತ್ತಾಗಬೇಕು, ಇಷ್ಟನ್ನೂ ನಮ್ಮ ಸಾಫ್ಟ್‌ವೇರ್ ನೋಡಿಕೊಳ್ತದ. ನೀವು ಏನೂ ಕೊಂಡು ಇಟ್ಟುಕೊಳ್ಳೂದು ಬ್ಯಾಡ. ಸಾಫ್ಟ್‌ವೇರ್ ಎಲ್ಲೋ ಮುಂಬೈದಾಗ ಇರ್ತದ. ನೀವು ಇಂಟರ್ನೆಟ್ ಮ್ಯಾಲೆ ತೆರೀರಿ, ಕೆಲಸ ಮಾಡ್ರಿ, ಬಾಡಿಗಿ ಕೊಡ್ರಿ. ಲೈಟ್ ಬಿಲ್ಲ ಇದ್ದಂಗ."

ಇದರಲ್ಲಿ ನನ್ನ ಕೆಲಸ ಫೋನು ಎತ್ತುವುದು. ಗಿರಾಕಿಗಳಿಗೆ ತೊಂದರೆಯಾದರೆ ನನ್ನ ನಂಬರಿಗೆ ಬರುತ್ತಾರೆ. ಮಂಗಲಾಳ ಕೆಲಸ ಅದಕ್ಕಿಂತ ಮೊದಲಿನದು. ಸಾಫ್ಟ್‌ವೇರಿನಲ್ಲಿ ಕೆಲಸದ ದಾರಿಯನ್ನು ಕೂಡಿಸಬೇಕಾದರೆ ಆ ದಾರಿ ಮೊದಲು ಗೊತ್ತಾಗಬೇಕು. ಅದು ಯಾವ ಕಾಗದದಲ್ಲೂ ಇರುವುದಿಲ್ಲ, ಹಳೆಯ ಗುಮಾಸ್ತರ ತಲೆಯೊಳಗೆ ಇರುತ್ತದೆ. ಮಂಗಲಾ ಹೋಗಿ ಅವರ ಎದುರು ಕೂರುತ್ತಾಳೆ, ಅವರು ಹೇಳುತ್ತಾರೆ, ಅವಳು ಬರೆದುಕೊಳ್ಳುತ್ತಾಳೆ. ಬಿ.ಕಾಂ ಮುಗಿಸಿ ರಬಕವಿಯ ಸೀರೆ ಸಗಟು ಅಂಗಡಿಯೊಂದರಲ್ಲಿ ಎಂಟು ವರ್ಷ ಸ್ಟಾಕು ನೋಡಿಕೊಂಡಿದ್ದವಳನ್ನು ಅಜಿತ ಸರ್ ಒಂದು ದಿನ ಸೀರೆ ಕೊಳ್ಳಲು ಹೋದಾಗ ಕಂಡು, ಹದಿನೈದು ನಿಮಿಷ ಮಾತಾಡಿ, ಅಲ್ಲೇ ಕೆಲಸಕ್ಕೆ ಕರೆದರು. ಮೂರು ಸೀರೆ ಕೊಳ್ಳಲು ಹೋಗಿ ತಮ್ಮ ಮನೆಯ ಜಗಳವನ್ನೆಲ್ಲ ಅವಳಿಗೆ ಹೇಳಿ ಬಂದಿದ್ದರಂತೆ.

2022ರ ಜುಲೈನಲ್ಲಿ ಮುಧೋಳ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆ ನಮ್ಮ ಗಿರಾಕಿಯಾಯಿತು. ಹೆಸರು ಬೇಡ. ನಮಗೆ ಅಷ್ಟು ದೊಡ್ಡ ಗಿರಾಕಿ ಅದುವರೆಗೆ ಸಿಕ್ಕಿರಲಿಲ್ಲ. ಅಲ್ಲಿ ಎಲ್ಲಕ್ಕಿಂತ ಗೋಜಲಾದ ಕೆಲಸ ಕಬ್ಬು ಕಡಿಯುವ ಸರದಿಯದು. ಸಾವಿರಾರು ರೈತರ ಕಬ್ಬು ನಿಂತಿರುತ್ತದೆ. ಕಡಿಯುವ ಗ್ಯಾಂಗುಗಳು ಇರುವುದು ಇಷ್ಟೇ. ಯಾವ ಹೊಲಕ್ಕೆ ಯಾವ ದಿನ ಯಾವ ಗ್ಯಾಂಗು ಎಂಬ ಚೀಟಿ ಹೊರಡಬೇಕು. ನಾಟಿಯ ತಾರೀಖಿನ ಪ್ರಕಾರ ಎಂದು ನಿಯಮ. ಆದರೆ ಆ ಚೀಟಿ ಬರೆಯುತ್ತಿದ್ದವರು ಬಸಗೊಂಡಪ್ಪ. ಇಪ್ಪತ್ತೇಳು ವರ್ಷದಿಂದ ಅದೇ ಕುರ್ಚಿ, ನಿವೃತ್ತಿಗೆ ಇನ್ನೆರಡು ವರ್ಷ.

ಮೊದಲ ದಿನ ಅವರು ಮಂಗಲಾಳನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಕೆಲಸಾ ಬರಕೊಳ್ಳಾಕ ಬಂದೀಯಂತ. ಎಷ್ಟ ದಿನಾ ಬೇಕವ್ವ ನಿಂಗ?"

"ನಾಕ ದಿನಾ ಸಾಕ್ರಿ ಕಾಕಾ."

"ನಂಗ ಕಲಿಯಾಕ ಇಪ್ಪತ್ತೇಳ ವರ್ಷ ಹಿಡದೈತಿ," ಎಂದು ಬಸಗೊಂಡಪ್ಪ ನಕ್ಕರು. "ನಾಕ ದಿನಾ ಅಂತ!"

ಹತ್ತೊಂಬತ್ತು ದಿನ ಬೇಕಾಯಿತು. ಜಮಖಂಡಿಯಿಂದ ಮುಧೋಳಕ್ಕೆ ಒಂದು ಬಸ್ಸು, ಅಲ್ಲಿಂದ ಕಾರ್ಖಾನೆಗೆ ಇನ್ನೊಂದು. ಮೊದಲ ಮೂರು ದಿನ ಅವರು ನಿಯಮವನ್ನಷ್ಟೇ ಹೇಳಿದರು. ನಾಲ್ಕನೆಯ ದಿನ ಮಂಗಲಾ ತನ್ನ ಕೆಲಸದ ಮುಖ್ಯ ಪ್ರಶ್ನೆ ಕೇಳಿದಳು.

"ಕಾಕಾ, ಯಾವಾಗ ಹಿಂಗ ಆಗೂದಿಲ್ಲರಿ?"

ಬಸಗೊಂಡಪ್ಪ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು.

"ಬೀಳಗಿ ಕಡೆ ಬೋರವ್ವ ಅಂತ ಒಬ್ಬಾಕಿ ಅದಾಳ. ಎರಡ ಎಕರೆ. ಆಕಿ ಹೊಲಕ್ಕ ಹಾದೀನ ಇಲ್ಲ. ಮುಂದಿನ ಹೊಲದಾಂವನ ಕಬ್ಬ ಕಡದಾಗ ಅಷ್ಟ ಅವನ ಹೊಲದಾಗಿಂದ ಟ್ರ್ಯಾಕ್ಟರ್ ಬಿಡತಾನ. ಮರುದಿನಾನ ಅಂವಾ ನೇಗಲಾ ಹೊಡಿತಾನ, ಆಮ್ಯಾಲ ಒಂದ ಸೈಕಲ್ ಸುದ್ದಾ ಬಿಡಂಗಿಲ್ಲ. ಆಕಿದು ನಾಟಿ ಎರಡ ತಿಂಗಳ ತಡಾ. ನಿಯಮಾ ಹಿಡದರ ಆಕಿ ಕಬ್ಬ ಅಲ್ಲೇ ಒಣಗತೈತಿ. ಅದಕ್ಕ ಇಬ್ಬರದೂ ಒಂದ ದಿನಾ ಚೀಟಿ ಬರಿತೇನಿ."

ಮಂಗಲಾ ಬರೆದುಕೊಂಡಳು. ಅದು ಒಂದನೆಯದು.

ಆಮೇಲೆ ಅವು ಒಂದರ ಹಿಂದೆ ಒಂದು ಬಂದವು. ಬೆಂಕಿ ಬಿದ್ದ ಕಬ್ಬನ್ನು ಅದೇ ದಿನ ಕಡಿಯಬೇಕು, ಇಲ್ಲದಿದ್ದರೆ ರಸ ಕೆಡುತ್ತದೆ. ಹೊಳೆಯ ದಂಡೆಯ ಹೊಲಗಳು ತೇವ ಆರಿದ ಕೂಡಲೇ ಆಗಬೇಕು, ಆಮೇಲೆ ಆಣೆಕಟ್ಟಿನಿಂದ ನೀರು ಬಿಟ್ಟರೆ ಗಾಡಿ ಇಳಿಯುವುದಿಲ್ಲ. ಸಾವಾದ ಮನೆಯ ಹೊಲಕ್ಕೆ ಗ್ಯಾಂಗು ಕಳಿಸಬಾರದು, ಆದರೆ ಅವರ ಸರದಿಯನ್ನು ಕಳೆಯಲೂಬಾರದು. ಒಬ್ಬ ಮುದುಕ ಕ್ಯಾನ್ಸರಾಗಿ ಮಲಗಿದ್ದ, ತನ್ನ ಕಬ್ಬು ಕಾರ್ಖಾನೆಗೆ ಹೋಗುವುದನ್ನು ನೋಡಿ ಸಾಯಬೇಕು ಅಂದಿದ್ದ, ಅವನದನ್ನು ಮೂರು ವಾರ ಮೊದಲು ಕಡಿಸಿದ್ದರು. ರೈತರಿಗೆ ಸಂಬಂಧವೇ ಇಲ್ಲದ ಒಂದು ವಿನಾಯಿತಿಯೂ ಇತ್ತು. ಗ್ಯಾಂಗಿನಲ್ಲಿ ದಿನ ತುಂಬಿದ ಬಸುರಿ ಇದ್ದರೆ ಆ ಗ್ಯಾಂಗನ್ನು ದವಾಖಾನೆಗೆ ಹತ್ತಿರದ, ರಸ್ತೆಗೆ ಹತ್ತಿದ ಹೊಲಗಳಿಗಷ್ಟೇ ಕಳಿಸುವುದು. ಹನ್ನೊಂದು ವರ್ಷದ ಹಿಂದೆ ಒಬ್ಬಳು ಕಬ್ಬಿನ ನಡುವೆಯೇ ಹೆತ್ತು ಸತ್ತಿದ್ದಳು. ಅಂದಿನಿಂದ ಗ್ಯಾಂಗುಗಳು ಬಂದಿಳಿದ ದಿನ ಬಸಗೊಂಡಪ್ಪ ತಾವೇ ಹೋಗಿ ಯಾವ ಗುಡಿಸಲಿನಲ್ಲಿ ಯಾರಿದ್ದಾರೆ ನೋಡಿ ಬರುತ್ತಿದ್ದರು.

"ಇವನ್ನೆಲ್ಲಾ ನಿಮ್ಮ ಕಂಪ್ಯೂಟರ್‌ನಾಗ ಹಾಕ್ತೀಯೇನವ್ವ?" ಎಂದು ಅವರು ಒಂದು ದಿನ ಕೇಳಿದರು. "ಯಾಕಂದ್ರ ನಾ ಇನ್ನೆರಡ ವರ್ಷಕ್ಕ ಹೋಗಾಂವಾ. ನನ್ನ ಹಿಂದ ಬರಾಂವಗ ಇದ ಗೊತ್ತಿರಬೇಕ."

"ಅದಕ್ಕಾನ ಬರಕೊಳ್ಳಾಕತ್ತೇನ್ರಿ," ಎಂದಳು ಮಂಗಲಾ. ಅವಳು ಅದನ್ನು ನಂಬಿಯೇ ಹೇಳಿದ್ದಳು.

ಹದಿನೇಳನೆಯ ದಿನ ಮಳೆ ಬಂದು ಕರೆಂಟು ಹೋಗಿತ್ತು. ಬಸಗೊಂಡಪ್ಪ ಬುತ್ತಿ ಬಿಚ್ಚಿ ಒಂದು ರೊಟ್ಟಿ, ಅದರ ಮೇಲೆ ಮಡಿಕೆಕಾಳಿನ ಪಲ್ಯ ಹಾಕಿ ಅವಳ ಕೈಗೆ ಕೊಟ್ಟರು. ತಿನ್ನುತ್ತ ತಿನ್ನುತ್ತ ಅವರಿಗೆ ನಗು ಬಂತು.

"ಪೆನ್ನ ಕೆಳಗ ಇಡವ್ವ. ಇದನ್ನ ಬರೀಬ್ಯಾಡ, ನಗಾಕಂತ ಹೇಳತೇನಿ. ನನ್ನ ಹೇಣ್ತಿ ತಮ್ಮ ಯಮನಪ್ಪ, ಬೀಳಗಿಯಾಂವ. ನಂದ ಮೊದಲ ಕಡಸು ಅಂತ ಅಕ್ಕನ ಕಡೆ ಅತ್ತಾನ. ಮನಿಯಾಗ ಮೂರ ದಿನಾ ನನಗ ಮಾತ ಇಲ್ಲ, ಚಾ ಇಲ್ಲ. ನಾಕನೇ ದಿನಾ ಬರದ ಒಗದ್ನಿ ಚೀಟಿ! ಮರುವರ್ಷನೂ ಅಂವಾ ಹಂಗ ಅತ್ತಾ. ಮತ್ತ ಬರದ್ನಿ. ಇಪ್ಪತ್ತೇಳ ವರ್ಷದಾಗ ಅದೊಂದ ನಾ ಮಾಡಿದ್ದ ಹಲ್ಕಟ್ ಕೆಲಸಾ."

ಮಂಗಲಾ ಪೆನ್ನು ಕೆಳಗಿಟ್ಟಿದ್ದಳು. ಅವಳೂ ನಕ್ಕಳು. ಸಂಜೆ ಮುಧೋಳದಿಂದ ಜಮಖಂಡಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲದಿಂದ ನೋಟ್‌ಬುಕ್ ತೆಗೆದು ಅದನ್ನೂ ಬರೆದಳು.

ಯಾಕೆ ಬರೆದೆ ಎಂದು ನಾನು ಎರಡು ವರ್ಷದ ಮೇಲೆ ಕೇಳಿದ್ದೆ. ಅಜಿತ ಸರ್ ಹೇಳಿದ್ದರು, ಒಂದು ಬಿಟ್ಟರೂ ದಾರಿ ಅರ್ಧವೇ ಆಗುತ್ತದೆ ಅಂತ, ಎಂದಳು. ಆಮೇಲೆ ತಾನೇ ಹೇಳಿದಳು, "ಖರೆ ಅಂದ್ರ, ಪೂರಾ ಮಾಡಬೇಕನಿಸ್ತು. ನಾ ಮಾಡಿದ್ದರಾಗ ಅದ ಭಾಳ ಛಲೋ ಆಗಿತ್ತು. ಅದರಾಗ ಏನೂ ಬಿಡೂದ ಬ್ಯಾಡ ಅನಿಸ್ತು."

ನಮ್ಮ ಪದ್ಧತಿಯಲ್ಲಿ ಇನ್ನೊಂದು ಹಂತವಿದೆ. ಬರೆದ ದಾಖಲೆಯನ್ನು ಹೇಳಿದವರಿಗೆ ಓದಿ ಹೇಳಿ, ಪ್ರತಿ ಪುಟಕ್ಕೂ ಅವರ ಸಹಿ ತೆಗೆದುಕೊಳ್ಳಬೇಕು. ದಾಖಲೆ ಇಂಗ್ಲಿಷಿನಲ್ಲಿ ಇರುತ್ತದೆ. ಬಸಗೊಂಡಪ್ಪ ಏಳನೆಯ ಇಯತ್ತೆ ಕಲಿತವರು. ಮಂಗಲಾ ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತ ಹೋದಳು, ಅವರು ಹೂಂ ಹೂಂ ಎನ್ನುತ್ತ ಸಹಿ ಹಾಕುತ್ತ ಹೋದರು. ಮೂವತ್ತೆಂಟನೆಯದು ಬಂತು. ಕಾಗದದಲ್ಲಿ ಗುಮಾಸ್ತನ ಹೆಂಡತಿಯ ತಮ್ಮ, ಬೀಳಗಿ, ಎರಡು ಹಂಗಾಮು ಸರದಿ ಬಿಟ್ಟು ಚೀಟಿ ಎಂದಿತ್ತು.

"ಇದೊಂದ ಸಣ್ಣದೈತ್ರಿ, ಮುಂದಿಂದ ಓದತೇನಿ," ಎಂದಳು.

ಅವರು ಆ ಪುಟಕ್ಕೂ ಸಹಿ ಹಾಕಿದರು. ಒಟ್ಟು ನಲವತ್ತೊಂದು ವಿನಾಯಿತಿಗಳಾದವು.

ಕಾರ್ಖಾನೆಗೆ ಆ ವರ್ಷ ಹೊಸ ಜನರಲ್ ಮ್ಯಾನೇಜರ್ ಬಂದಿದ್ದರು. ದಾಖಲೆ ಕೊಡುವ ದಿನ ಅಜಿತ ಸರ್, ಮಂಗಲಾ, ನಾನು ಮೂವರೂ ಹೋಗಿದ್ದೆವು. ದೊಡ್ಡ ಪರದೆಯ ಮೇಲೆ ಕೆಲಸದ ದಾರಿಯ ಚಿತ್ರ ತೋರಿಸಿದೆವು. ಸಾಹೇಬರು ಅದನ್ನು ನೋಡಲೇ ಇಲ್ಲ. ಕೊನೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದರು. ಆಮೇಲೆ ಅಜಿತ ಸರ್ ಕಡೆ ತಿರುಗಿ, ಇಷ್ಟೂ ಸಲ ಈ ಮನುಷ್ಯ ಯಾರ ಅಪ್ಪಣೆಯೂ ಇಲ್ಲದೆ ಸರದಿ ಬದಲಿಸಿದ್ದಾನೆ, ಅದನ್ನು ತಾನೇ ಒಪ್ಪಿ ಸಹಿಯನ್ನೂ ಹಾಕಿದ್ದಾನೆ, ಅಲ್ಲವೇ ಎಂದು ಕೇಳಿದರು.

ಅಜಿತ ಸರ್ ಹೌದು ಎಂದರು.

ವಿನಾಯಿತಿಗಳಲ್ಲಿ ಯಾವುದನ್ನು ಸಾಫ್ಟ್‌ವೇರಿನಲ್ಲಿ ಹಾಕೋಣ ಎಂದು ಮಂಗಲಾ ಕೇಳಿದಳು. ಯಾವುದೂ ಬೇಡ ಎಂದರು ಸಾಹೇಬರು. ಬೆಂಕಿ ಬಿದ್ದದ್ದು ಒಂದಿರಲಿ.

ಹದಿನೈದು ದಿನಕ್ಕೆ ಬಸಗೊಂಡಪ್ಪ ಅಮಾನತಾದರು. ಸೆಪ್ಟೆಂಬರಿನಲ್ಲಿ ವಿಚಾರಣೆ ಇಟ್ಟರು. ಬಾಗಲಕೋಟೆಯ ವಕೀಲರೊಬ್ಬರು ವಿಚಾರಣಾಧಿಕಾರಿ. ಕಾರ್ಖಾನೆಯ ಕಡೆಯಿಂದ ಒಂದೇ ದಾಖಲೆ, ಒಬ್ಬಳೇ ಸಾಕ್ಷಿ. ಮಂಗಲಾ ಹೋಗುವುದಿಲ್ಲ ಎಂದು ಎರಡು ದಿನ ಹಟ ಹಿಡಿದಳು. ಮೂರನೆಯ ದಿನ ಅಜಿತ ಸರ್ ಅವಳನ್ನು ಒಳಗಿನ ಕೋಣೆಗೆ ಕರೆದರು. ನಡುವಿನ ಗೋಡೆ ಪ್ಲೈವುಡ್ಡಿನದು, ನನಗೆ ಎಲ್ಲ ಕೇಳುತ್ತಿತ್ತು.

"ನಿನಗ ಯಾರು ಸುಳ್ಳು ಹೇಳು ಅಂತಾರ? ಬರದದ್ದು ನೀನ ಹೌದಿಲ್ಲೋ?"

"ಹೌದ್ರಿ."

"ಅವರು ಹೇಳಿದ್ದು ಖರೆ ಹೌದಿಲ್ಲೋ?"

"ಖರೆರಿ. ಆದ್ರ ಅವರು ಅದನ್ನ ಯಾಕ ಹೇಳಿದ್ರಂದ್ರ..."

"ಯಾಕ ಅಂತ ಯಾರೂ ಕೇಳೂದಿಲ್ಲ. ಹೌದು ಅನ್ನು, ಎದ್ದು ಬಾ. ಇನ್ನೂ ಎರಡು ಕಾರ್ಖಾನಿ ಇದನ್ನ ನೋಡಲಿಕ್ಕತ್ತಾವ. ಇಲ್ಲೆ ಕೆಟ್ಟರ ನಾವು ಏಳೂ ಮಂದಿ ಕೆಟ್ಟಂಗ. ಈ ಫೋನ್ ಎತ್ತುವಾಂವನೂ ಸೇರಿ."

ಅದು ನನ್ನ ಸುದ್ದಿ. ನಾನು ಎದ್ದು ಹೋಗಿ ನನ್ನದನ್ನು ಬಿಡಿರಿ ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ.

ವಿಚಾರಣೆ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ನಡೆಯಿತು. ಬಸಗೊಂಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಂಧಿ ಟೋಪಿ ಹಾಕಿಕೊಂಡು ಬಂದಿದ್ದರಂತೆ. ಮಂಗಲಾಳನ್ನು ಕಂಡ ಕೂಡಲೇ, "ಬಂದಿ? ಛಲೋ ಆತವ್ವ. ನೀನ ಇವರಿಗೆ ತಿಳಿಸಿ ಹೇಳು," ಎಂದರಂತೆ. ಅವಳು ತಮ್ಮ ಕಡೆಯವಳೆಂದೇ ಅವರು ತಿಳಿದಿದ್ದರು.

ವಕೀಲರು ಒಂದೊಂದು ಪುಟ ತಿರುವಿ ಕೇಳಿದರು. ಇದನ್ನು ಇವರು ಹೇಳಿದರೇ? ಹೌದು. ಇದನ್ನು? ಹೌದು. ಇದು ಇವರ ಸಹಿಯೇ? ಹೌದು. ಮೂವತ್ತೆಂಟನೆಯದಕ್ಕೆ ಬಂದಾಗ ವಕೀಲರು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದರು. ಬಸಗೊಂಡಪ್ಪ ಆಗ ಮೊದಲ ಸಲ ಅದನ್ನು ಕೇಳಿದರು. ಅವರ ಮುಖವನ್ನು ಮಂಗಲಾ ನೋಡಲಿಲ್ಲ. ಯಾರ ಮುಖದಿಂದಲೂ ಕಣ್ಣು ಕೀಳದವಳು ಅಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು.

ಸಾಕ್ಷಿಗೆ ಏನಾದರೂ ಕೇಳುವುದಿದ್ದರೆ ಕೇಳಬಹುದು ಎಂದು ವಕೀಲರು ಬಸಗೊಂಡಪ್ಪನವರಿಗೆ ಹೇಳಿದರು. ಅವರು ಮಂಗಲಾಳ ಕಡೆ ತಿರುಗಿ ಕೇಳಿದರು.

"ತಂಗಿ, ಇದನ್ನ ಹೇಳೂಕಿಂತ ಮೊದಲ ನಾ ನಿನಗ ಏನಂದಿದ್ನಿ?"

ಮಂಗಲಾಗೆ ಎಲ್ಲವೂ ನೆನಪಿತ್ತು. ರೊಟ್ಟಿಯ ಮೇಲಿನ ಪಲ್ಯದ ರುಚಿ ಕೂಡ ನೆನಪಿತ್ತು.

"ನೆನಪಿಲ್ರಿ," ಎಂದಳು.

"ನೆನಪಿಲ್ಲ?"

"ಇಲ್ರಿ."

"ಆತ ಬಿಡವ್ವ," ಎಂದು ಬಸಗೊಂಡಪ್ಪ ವಕೀಲರ ಕಡೆ ತಿರುಗಿದರು. "ನಂದೇನ ಕೇಳೂದ ಇಲ್ರೀ ಸಾಹೇಬ್ರ."

ತಮ್ಮ ಕಡೆಯಿಂದ ಸಾಕ್ಷಿ ಕರೆತರಲು ಅವರಿಗೆ ಒಂದು ವಾರ ಕೊಟ್ಟರು. ನಲವತ್ತು ಮನೆಗಳಿಗೆ ಅವರು ತಾವೇ ಹೋದರು. ಚಹಾ ಎಲ್ಲರೂ ಕೊಟ್ಟರು. ಕ್ಯಾನ್ಸರಾಗಿ ಸತ್ತ ಮುದುಕನ ಮಗ, ಬರುವ ಹಂಗಾಮಿನಲ್ಲೂ ನಮ್ಮ ಚೀಟಿ ಕೊಡುವವರು ಆ ಕಾರ್ಖಾನೆಯವರೇ ಅಲ್ಲವೇ ಕಾಕಾ ಎಂದು ನೆಲ ನೋಡಿದ. ಒಬ್ಬರೂ ಬರಲಿಲ್ಲ. ಅಕ್ಟೋಬರ್ ಮುಗಿಯುವ ಮೊದಲೇ ಅವರನ್ನು ಕೆಲಸದಿಂದ ತೆಗೆದರು. ಆದೇಶವನ್ನು ನೋಟೀಸು ಬೋರ್ಡಿಗೂ ಹಚ್ಚಿದರು. ಅದರಲ್ಲಿ ಬೇರೆ ನಲವತ್ತರ ಸುದ್ದಿ ಒಂದೇ ಸಾಲಿನಲ್ಲಿತ್ತು, ಯಮನಪ್ಪನ ಸುದ್ದಿ ಅರ್ಧ ಪುಟ. ಊರಲ್ಲಿ ಉಳಿದದ್ದು ಆ ಅರ್ಧ ಪುಟವೇ. ಮಂದಿ ತಮ್ಮ ತಮ್ಮ ಚೀಟಿಯನ್ನು ಮರೆತರು. ನಮ್ಮದು ಅಲ್ಲಿ ಒಣಗುತ್ತಿದ್ದಾಗ ಇವ ಹೆಂಡತಿ ತಮ್ಮನದು ಕಡಿಸುತ್ತಿದ್ದನಂತೆ ಎಂದು ಚಹಾದ ಅಂಗಡಿಯಲ್ಲಿ ಮಾತಾಡಿದವರಲ್ಲಿ, ಬೆಂಕಿ ಬಿದ್ದ ಕಬ್ಬನ್ನು ಅವರ ಕೈಯಿಂದಲೇ ಉಳಿಸಿಕೊಂಡವರೂ ಇದ್ದರು.

ಕಬ್ಬು ನುರಿಸುವ ಹಂಗಾಮು ನವೆಂಬರಿನಲ್ಲಿ ಶುರುವಾಯಿತು. ನಮ್ಮ ಸಾಫ್ಟ್‌ವೇರ್ ಚೆನ್ನಾಗಿ ಓಡಿತು. ನಾಟಿಯ ತಾರೀಖು, ಗ್ಯಾಂಗಿನ ದೂರ, ಎರಡನ್ನೂ ನೋಡಿ ತಾನೇ ಚೀಟಿ ಕಳಿಸುತ್ತಿತ್ತು. ರೈತರ ಮೊಬೈಲಿಗೆ ಮೆಸೇಜು ಹೋಗುತ್ತಿತ್ತು. ಕಾರ್ಖಾನೆಯವರು ಖುಷಿಯಾದರು. ಜನವರಿಯಲ್ಲಿ ಒಂದು ಮಧ್ಯಾಹ್ನ ನನಗೊಂದು ಫೋನು ಬಂತು. ಮೆಸೇಜಿನ ಕೆಳಗಿದ್ದ ನಂಬರನ್ನು ಯಾರೋ ಹೊಡೆದುಕೊಟ್ಟಿದ್ದರು.

"ಯಪ್ಪಾ, ನಾ ಬೋರವ್ವ ಮಾತಾಡಾಕತ್ತೇನಿ, ಬೀಳಗಿ ಕಡ್ಯಾಕಿ. ಮುಂದಿನ ಹೊಲದಾಂವಂದು ಇವತ್ತ ಕಡ್ಯಾಕತ್ತಾರ. ನಂದೂ ಇವತ್ತ ಆಗಬೇಕ."

ನಾನು ಅವಳ ನಂಬರ್ ಹಾಕಿ ನೋಡಿದೆ. ಸರದಿ ಮಾರ್ಚ್ ಮೂರನೆಯ ವಾರಕ್ಕಿತ್ತು.

"ನಿಮ್ಮದು ಮಾರ್ಚಿನಾಗ ಐತ್ರಿ ಅವ್ವಾರ."

"ಮಾರ್ಚಿನಾಗ ಹಾದಿ ಎಲ್ಲಿಂದ ತರಲಿ ಯಪ್ಪಾ? ಆ ಮುದಕಗ ಗೊತ್ತೈತಿ, ಬಸಗೊಂಡಪ್ಪಗ. ಅವನ ಕೈಯಾಗ ಫೋನ ಕೊಡು."

ಅವರಿಲ್ಲ ಎಂದೆ. ಒಂದು ದೂರು ದಾಖಲಿಸಿದೆ. ದೂರಿನ ಕಾರಣವನ್ನು ಪಟ್ಟಿಯಿಂದ ಆರಿಸಬೇಕು. ಬೆಂಕಿ ಎಂಬುದಿತ್ತು, ತೂಕದಲ್ಲಿ ವ್ಯತ್ಯಾಸ ಎಂಬುದಿತ್ತು, ಹಾದಿ ಎಂಬುದು ಇರಲಿಲ್ಲ. ಇತರೆ ಎಂದು ಒತ್ತಿದೆ. ನಲವತ್ತೆಂಟು ತಾಸಿನ ಮೇಲೆ ಅದು ತಾನಾಗಿ ಮುಗಿದುಹೋಯಿತು. ಇತರೆ ಎಂಬುದಕ್ಕೆ ಯಾರ ಟೇಬಲ್ಲನ್ನೂ ಕೂಡಿಸಿರಲಿಲ್ಲ.

ಬೋರವ್ವ ಅಷ್ಟಕ್ಕೇ ಬಿಡಲಿಲ್ಲ. ಫೋನು ಇಟ್ಟ ಕೂಡಲೇ ಎರಡು ಬಸ್ಸು ಬದಲಿಸಿ ಬಸಗೊಂಡಪ್ಪನವರ ಮನೆ ಹುಡುಕಿಕೊಂಡು ಹೋದಳು. ಅವರು ಅದೇ ಬಿಳಿ ಅಂಗಿ ತೊಟ್ಟು ಅವಳ ಜೊತೆ ಕಾರ್ಖಾನೆಗೆ ಹೊರಟರು. ಗೇಟಿನಲ್ಲಿದ್ದವನು ಹದಿನಾಲ್ಕು ವರ್ಷ ಅವರಿಗೆ ಸಲಾಂ ಹೊಡೆದವನು. ಗೇಟ್ ಪಾಸು ಕೂಡ ಆಗ ನಮ್ಮ ಸಾಫ್ಟ್‌ವೇರಿನಲ್ಲಿತ್ತು. ಹೆಸರು ಹಾಕಿದರೆ ಕೆಂಪು ಗುರುತು ಬಂತು. ಅವನು ಆ ಪರದೆಯನ್ನೇ ಅವರ ಕಡೆ ತಿರುಗಿಸಿ ತೋರಿಸಿದನಂತೆ. ಬಸಗೊಂಡಪ್ಪ ಎರಡು ತಾಸು ಕಬ್ಬಿನ ಗಾಡಿಗಳ ಸಾಲಿನ ಪಕ್ಕ ನಿಂತರು. ಹಳೆಯ ಫೀಲ್ಡ್‌ಮನ್ ಒಬ್ಬ ಹೊರಗೆ ಬಂದಾಗ ಕೂಗಿದರು. ಅವನು ಮೋಟರ್ ಸೈಕಲ್ ನಿಲ್ಲಿಸಲಿಲ್ಲ.

ಕೊನೆಗೆ ಬೋರವ್ವ ಸಿಟ್ಟಿಗೆದ್ದಳು. ಯಾರ ಮೇಲೆ ಸಿಟ್ಟಾಗಬೇಕೋ ಅವರು ಯಾರೂ ಅಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ.

"ನೀ ನಿನ್ನ ಹೇಣ್ತಿ ತಮ್ಮಂದ ಕಡಸಾಕ ಹೋಗಿ ನಮ್ಮ ಬಾಯಾಗ ಮಣ್ಣ ಹಾಕಿದಿ ನೋಡು!" ಎಂದು ಗಾಡಿಯವರೆಲ್ಲ ಕೇಳುವಂತೆ ಕೂಗಿ ಹೊರಟುಹೋದಳು.

ಅವಳ ಎರಡು ಎಕರೆ ಮಾರ್ಚಿನಲ್ಲಿ ಸರದಿ ಬಂದಾಗ ಹಾದಿಯಿಲ್ಲದೆ ಉಳಿಯಿತು. ಗ್ಯಾಂಗಿನವರು ಹೊಲ ಮುಟ್ಟಲಾಗಲಿಲ್ಲ ಎಂದು ಮೊಬೈಲಿನಲ್ಲಿ ಒತ್ತಿ ಮುಂದಿನ ಹೊಲಕ್ಕೆ ಹೋದರು. ಏಪ್ರಿಲ್ ಕೊನೆಗೆ ಬೋರವ್ವ ತಾನೇ ಅದಕ್ಕೆ ಬೆಂಕಿ ಹಚ್ಚಿದಳು. ಬೆಂಕಿ ಬಿದ್ದ ಕಬ್ಬಿಗೆ ಅದೇ ದಿನ ಚೀಟಿ ಎಂಬ ವಿನಾಯಿತಿ ಇದೆಯೆಂದು ಯಾರೋ ಹೇಳಿದ್ದರು. ಆದರೆ ಕಾರ್ಖಾನೆ ಆಗಲೇ ಆ ವರ್ಷದ ಹಂಗಾಮು ಮುಗಿಸಿ ಹತ್ತು ದಿನವಾಗಿತ್ತು.

ಇದೆಲ್ಲವನ್ನೂ ನಾನು ಮಂಗಲಾಗೆ ಹೇಳಿದೆ. ಮೊದಲು ಅವಳು ಮೂರು ದಿನ ಊಟ ಬಿಟ್ಟಳು. ರಜೆ ಹಾಕಿ ಬನಹಟ್ಟಿಗೆ ಹೋದಳು. ಮಗ್ಗದ ಸದ್ದಿನ ನಡುವೆ ಮಲಗಿದರೆ ಯಾವ ಮಾತೂ ನೆನಪಾಗುವುದಿಲ್ಲ, ಅದಕ್ಕೇ ಅಲ್ಲಿಗೆ ಹೋದೆ ಅಂದಳು. ಮರಳಿ ಬಂದಾಗ ಅಜಿತ ಸರ್ ಅವಳಿಗೆ ಹೊಸ ಹುದ್ದೆ ಕೊಟ್ಟರು.

ಆ ಜನರಲ್ ಮ್ಯಾನೇಜರ್ ಬೇರೆ ಕಡೆ ಹೇಳಿದ್ದರು, ಸಾಫ್ಟ್‌ವೇರ್ ಯಾರಾದರೂ ಕೊಡುತ್ತಾರೆ, ಆದರೆ ಜಮಖಂಡಿಯವರ ಆ ಪಟ್ಟಿ ಯಾರಿಂದಲೂ ಆಗುವುದಿಲ್ಲ ಎಂದು. ಗಿರಾಕಿಗಳು ಆ ಪಟ್ಟಿಯನ್ನೇ ಕೇಳಿಕೊಂಡು ಬರತೊಡಗಿದರು. ಅಜಿತ ಸರ್ ಅದಕ್ಕೊಂದು ಹೆಸರಿಟ್ಟು ಬೇರೆಯಾಗಿ ಮಾರಲು ಶುರುಮಾಡಿದರು, ಮೂರು ವಾರದ ಅಧ್ಯಯನ. ಮುಂದಿನ ಎರಡು ವರ್ಷದಲ್ಲಿ ಮಂಗಲಾ ಹನ್ನೊಂದು ಕಡೆ ಹೋದಳು. ಇನ್ನೊಂದು ಸಕ್ಕರೆ ಕಾರ್ಖಾನೆ, ಒಂದು ಖಾಸಗಿ ದವಾಖಾನೆ, ಒಂದು ಶಿಕ್ಷಣ ಸಂಸ್ಥೆ, ತಾನು ಮೊದಲು ಕೆಲಸ ಮಾಡುತ್ತಿದ್ದ ಸೀರೆ ಅಂಗಡಿ ಕೂಡ. ಎಲ್ಲ ಕಡೆಯೂ ಒಬ್ಬ ಹಳೆಯ ಮನುಷ್ಯ ಇರುತ್ತಿದ್ದ, ಅವನು ಅವಳ ಮುಖ ನೋಡಿ ಎಲ್ಲ ಹೇಳುತ್ತಿದ್ದ. ಸೀರೆ ಅಂಗಡಿಯಲ್ಲಿ ಹೇಳಿದವಳು ಅವಳಿಗೆ ಕೆಲಸ ಕಲಿಸಿದ್ದ ರಾಧಾಬಾಯಿ. ನೇಕಾರರಿಗೆ ಜರಿಯಲ್ಲಿ ಸಣ್ಣಪುಟ್ಟ ದೋಷ ಬಂದರೂ ಹಿಂದಕ್ಕೆ ಕಳಿಸದೆ ಮುಚ್ಚಿ ತೆಗೆದುಕೊಳ್ಳುತ್ತಿದ್ದಳು. ಅವಳು ಈಗ ಮನೆಯಲ್ಲಿದ್ದಾಳೆ.

"ನಾಕನೇ ಗಿರಾಕಿಯಿಂದ ಮುಂದ ನಂಗೇನೂ ಅನಿಸಲಿಲ್ಲ," ಎಂದು ಮಂಗಲಾ ಒಂದು ದಿನ ಚಹಾ ಕುಡಿಯುತ್ತ ಹೇಳಿದಳು. "ಅನಿಸಬೇಕಿತ್ತು ಅಂತ ಗೊತ್ತಾಗತೈತಿ. ಅಷ್ಟ."

ಈಗ ಅವಳ ಕೈಕೆಳಗೆ ಇಬ್ಬರು ಹುಡುಗಿಯರು ತರಬೇತಿಯಲ್ಲಿದ್ದಾರೆ. ಒಂದು ಮಧ್ಯಾಹ್ನ ಅವಳು ಅವರಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. "ಬರಕೋತ ಕುಂತರ ಯಾರೂ ಪೂರಾ ಹೇಳಂಗಿಲ್ಲ. ಊಟದ ಹೊತ್ತಿಗೆ ಪೆನ್ನ ಕೆಳಗ ಇಡ್ರಿ. ಅವರು ಕೊಟ್ಟದ್ದ ತಿನ್ರಿ. ಆವಾಗ ಹೇಳತಾರ." ಹುಡುಗಿಯರು ಅದನ್ನು ಬರೆದುಕೊಂಡರು.

ಹೋದ ವರ್ಷ ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಬಸಗೊಂಡಪ್ಪ ಸಿಕ್ಕರು. ಅವಳು ಕಂಬದ ಹಿಂದೆ ಸರಿಯುವಷ್ಟರಲ್ಲಿ ಅವರೇ ಕರೆದರು. ಬಹಳ ಇಳಿದಿದ್ದರು. ಅವಳ ಅವ್ವ ಅಪ್ಪ ಹೇಗಿದ್ದಾರೆ, ಮಗ್ಗ ನಡೆದಿವೆಯೇ ಎಂದು ಕೇಳಿದರು. ವಿಚಾರಣೆಯ ಸುದ್ದಿ ತೆಗೆಯಲೇ ಇಲ್ಲ. ಅವಳು ಬಸ್ಸು ಬಂತೆಂದು ಹೊರಟಾಗ ಅವರು ಎರಡು ಹೆಜ್ಜೆ ಹಿಂದೆ ಬಂದರು.

"ತಂಗಿ, ಒಂದ ಮಾತ. ನನ್ನ ಮಗಳ ಪೂರ್ಣಿಮಾ ಬಿ.ಕಾಂ ಮುಗಿಸ್ಯಾಳ. ಊರಾಗ ನನ್ನ ಹೆಸರ ಕೇಳಿ ಯಾರೂ ಕೆಲಸಾ ಕೊಡವಲ್ರು. ನಿಮ್ಮ ಆಫೀಸ್‌ನಾಗ ಏನರ ಇದ್ರ ನೋಡವ್ವ. ಹುಡುಗಿ ಶಾಣ್ಯಾ ಐತಿ. ನಿನ್ನಂಗ ಐತಿ."

"ಕೇಳಿ ಹೇಳತೇನ್ರಿ ಕಾಕಾ," ಎಂದಳು ಮಂಗಲಾ. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

ಆಗ ನಮಗೆ ನಿಜವಾಗಿಯೂ ಒಬ್ಬರು ಬೇಕಾಗಿದ್ದರು. ಅಜಿತ ಸರ್ ಎರಡು ಸಲ, ಯಾರಾದರೂ ಗೊತ್ತಿದ್ದರೆ ಹೇಳು ಎಂದು ಅವಳನ್ನೇ ಕೇಳಿದರು. ಯಾರೂ ಇಲ್ರಿ ಸರ್ ಎಂದಳು. ಆ ಹುಡುಗಿ ದಿನಾ ಎದುರಿಗೆ ಕೂತರೆ ನಾನು ಕೆಲಸ ಮಾಡಲಾರೆ ಎಂದು ನನಗೆ ಹೇಳಿದಳು. ಆ ಜಾಗಕ್ಕೆ ತೇರದಾಳದ ಹುಡುಗಿಯೊಬ್ಬಳು ಬಂದಳು.

ಬಸಗೊಂಡಪ್ಪ ಅವಳ ಮೊಬೈಲಿಗೆ ನಾಲ್ಕೈದು ಸಲ ಮಾಡಿದರಂತೆ, ಅವಳು ಎತ್ತಲಿಲ್ಲ. ಆಮೇಲೆ ಆಫೀಸಿನ ನಂಬರಿಗೆ ಮಾಡಿದರು. ಫೋನು ಎತ್ತಿದವನು ನಾನು. ಅವರ ಧ್ವನಿ ನಾನು ಕೇಳಿದ್ದು ಅದೇ ಮೊದಲು.

"ನಮಸ್ಕಾರ್ರೀ. ಮಂಗಲಾ ಬಾಯಾರು ಅದಾರೇನ್ರಿ? ಬಸಗೊಂಡಪ್ಪ ಅಂತ ಹೇಳ್ರಿ."

ಮಂಗಲಾ ನನ್ನಿಂದ ನಾಲ್ಕು ಮಾರು ದೂರದ ಟೇಬಲ್ಲಿನಲ್ಲಿ ಇದ್ದಳು. ಬಸಗೊಂಡಪ್ಪನವರೇ ಎಂದು ನಾನು ತಿರುಗಿ ಕೇಳಿದ ಕೂಡಲೇ ತಲೆ ಎತ್ತಿ ನನ್ನ ಮುಖ ನೋಡಿದಳು. ಕೈ ಆಡಿಸಲಿಲ್ಲ, ಬೇಡ ಅನ್ನಲಿಲ್ಲ, ಸುಮ್ಮನೆ ನೋಡಿದಳು.

"ಅವರು ಮೀಟಿಂಗ್‌ನಾಗ ಅದಾರ್ರಿ," ಎಂದೆ.

"ಇರಲಿ ಬಿಡ್ರಿ. ಗಡಿಬಿಡಿ ಏನಿಲ್ಲ. ನಾ ಮತ್ತ ಮಾಡತೇನಿ."

ಅವರು ಆಮೇಲೆ ಇನ್ನೂ ಮೂರು ಸೋಮವಾರ ಮಾಡಿದರು. ಮೂರು ಸಲವೂ ನಾನು ಅದನ್ನೇ ಹೇಳಿದೆ.